ಸಾಲವಿಲ್ಲದ ಹೊಲ, ಜನರಿಲ್ಲದ ಬೀದಿ

ಕನ್ನಡಕ ಹಾಕಿದ ಒಬ್ಬ ಮುದುಕ. ಅವನ ಕೈಯಲ್ಲಿ ಹುಲ್ಲೆತ್ತುವ ಮೂರು ಮೊನೆಯ ಕವೆಗೋಲು. ಪಕ್ಕದಲ್ಲಿ, ಅವನಿಗಿಂತ ತುಸು ಹಿಂದೆ, ತಲೆಗೂದಲನ್ನು ಬಿಗಿಯಾಗಿ ಬಾಚಿಕೊಂಡ ಒಬ್ಬ ಹೆಂಗಸು. ಇಬ್ಬರ ಬೆನ್ನಿಗೆ ಮರದ ಹಲಗೆಯ ಬಿಳಿ ಮನೆ. ಅದಕ್ಕೆ ಚರ್ಚಿನಲ್ಲಿರುವಂಥ ಮೊನಚು ಕಮಾನಿನ ಕಿಟಕಿ. ಗ್ರಾಂಟ್ ವುಡ್ 1930ರಲ್ಲಿ ಬರೆದ 'ಅಮೆರಿಕನ್ ಗಾಥಿಕ್' ಎಂಬ ಈ ಚಿತ್ರವನ್ನು ನೋಡದವರು ಕಡಿಮೆ. ಮೂಲವನ್ನು ನೋಡದವರೂ ಅದರ ಅಣಕುಗಳನ್ನು ಜಾಹೀರಾತಿನಲ್ಲಿಯೋ ವ್ಯಂಗ್ಯಚಿತ್ರದಲ್ಲಿಯೋ ನೋಡಿರುತ್ತಾರೆ. ಅಮೆರಿಕದ ರೈತನೆಂದರೆ ಇವನೇ ಎಂದು ಲೋಕವೆಲ್ಲ ಒಪ್ಪಿಕೊಂಡುಬಿಟ್ಟಿದೆ.

ಆದರೆ ಚಿತ್ರದಲ್ಲಿರುವ ಮುದುಕ ರೈತನಲ್ಲ. ಆತ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಪಟ್ಟಣದ ಹಲ್ಲಿನ ಡಾಕ್ಟರು, ಬೈರನ್ ಮೆಕೀಬಿ. ಹೆಂಗಸು ಕಲಾವಿದನ ಸ್ವಂತ ತಂಗಿ ನ್ಯಾನ್. ಅವರಿಬ್ಬರೂ ಒಟ್ಟಿಗೆ ನಿಂತು ಮಾದರಿಯಾದವರಲ್ಲ. ಎಲ್ಡನ್ ಎಂಬ ಊರಿನಲ್ಲಿರುವ ಆ ಮನೆಯ ಮುಂದೆ ನಿಂತವರೂ ಅಲ್ಲ. ವುಡ್ ಮೊದಲು ಮನೆಯನ್ನು ಕಂಡ. ಆಮೇಲೆ ಇಂಥ ಮನೆಯಲ್ಲಿ ಯಾರಿರಬಹುದು ಎಂದು ಕಲ್ಪಿಸಿಕೊಂಡು ತನ್ನ ಪರಿಚಯದ ಮುಖಗಳನ್ನು ತಂದು ಅಲ್ಲಿ ನಿಲ್ಲಿಸಿದ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಅದಕ್ಕೆ ಕಂಚಿನ ಪದಕವನ್ನೂ 300 ಡಾಲರ್ ಬಹುಮಾನವನ್ನೂ ಕೊಟ್ಟು, ಚಿತ್ರವನ್ನು ಕೊಂಡುಕೊಂಡಿತು. ಅಯೋವಾದ ರೈತಾಪಿ ಜನರಲ್ಲಿ ಹಲವರಿಗೆ ಮಾತ್ರ ಸಿಟ್ಟು ಬಂತು. ನಾವು ಹೀಗಿದ್ದೇವೆಯೇ ಎಂದು ಅವರು ಕೇಳಿದರು.

ಕತೆಗಾರರೂ ಇದನ್ನೇ ಮಾಡುತ್ತಾರಲ್ಲ, ಒಬ್ಬರ ಮೂಗು ಇನ್ನೊಬ್ಬರ ಮಾತು ಸೇರಿಸಿ ಪಾತ್ರ ಕಟ್ಟುತ್ತಾರಲ್ಲ, ಇದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪೇನಿಲ್ಲ. ಕತೆ ಬರೆಯುವವನಾಗಿ ನಾನು ಅದನ್ನು ಆಕ್ಷೇಪಿಸಲಾರೆ. ಆದರೆ 'ಇದು ನಮ್ಮ ಜನಸಾಮಾನ್ಯರ ನಿತ್ಯದ ಬದುಕು' ಎಂದು ಒಂದು ಕಲಾಪಂಥ ಸಾರಿಕೊಂಡಾಗ ಎರಡು ಪ್ರಶ್ನೆಗಳನ್ನು ಕೇಳುವ ಹಕ್ಕು ನೋಡುಗನಿಗೆ ಬರುತ್ತದೆ. ಈ 'ನಮ್ಮ' ಎನ್ನುವುದರೊಳಗೆ ಯಾರಿಗೆ ಜಾಗ ಸಿಕ್ಕಿತು? ಜಾಗ ಸಿಕ್ಕವರ ಬದುಕನ್ನು ನಡೆಸುತ್ತಿದ್ದ ಸಂಗತಿಗಳು, ಅಂದರೆ ಸಾಲ, ಕೂಲಿ, ಬಾಡಿಗೆ, ಭಯ, ಇವು ಅವರ ಜೊತೆ ಚೌಕಟ್ಟಿನೊಳಗೆ ಬಂದವೇ? ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ವಾಸ್ತವವಾದಿ ಚಿತ್ರಕಲೆಯನ್ನು ಈ ಎರಡು ಪ್ರಶ್ನೆಗಳಿಂದ ನೋಡುವುದು ಈ ಬರಹದ ಉದ್ದೇಶ.

ಆ ಕಾಲವನ್ನು ಸ್ವಲ್ಪ ನೆನೆಯಬೇಕು. 1920ರ ಜನಗಣತಿಯಲ್ಲಿ ಅಮೆರಿಕದ ಪಟ್ಟಣವಾಸಿಗಳ ಸಂಖ್ಯೆ ಮೊದಲ ಬಾರಿಗೆ ಹಳ್ಳಿಗರ ಸಂಖ್ಯೆಯನ್ನು ಮೀರಿತು. 1929ರಲ್ಲಿ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅದುವರೆಗೆ ಪ್ಯಾರಿಸ್ ಕಡೆ ಮುಖ ಮಾಡಿದ್ದ ಕಲಾವಿದರಲ್ಲಿ ಅನೇಕರು ತಮ್ಮ ನೆಲದ ಕಡೆ ತಿರುಗಿದರು. ಹೊಲ, ಕೊಟ್ಟಿಗೆ, ರೈಲು, ಹೋಟೆಲು, ಸಿನಿಮಾ ಟಾಕೀಸು ಇವೆಲ್ಲ ಚಿತ್ರದ ವಸ್ತುಗಳಾದವು. ಈ ಕಲೆಗೆ 'ಅಮೆರಿಕನ್ ಸೀನ್' ಎಂಬ ಹೆಸರು ಬಂತು. 1934ರ ಡಿಸೆಂಬರಿನಲ್ಲಿ 'ಟೈಮ್' ಪತ್ರಿಕೆ ಥಾಮಸ್ ಹಾರ್ಟ್ ಬೆಂಟನ್ ಎಂಬ ಕಲಾವಿದನ ಸ್ವಚಿತ್ರವನ್ನು ಮುಖಪುಟದಲ್ಲಿ ಹಾಕಿ, ಮಧ್ಯಪಶ್ಚಿಮ ರಾಜ್ಯಗಳ ಚಿತ್ರಕಾರರನ್ನು ದೇಶದ ನಿಜವಾದ ಕಲಾವಿದರೆಂದು ಎತ್ತಿ ಹಿಡಿಯಿತು. ಅಯೋವಾದ ವುಡ್, ಮಿಸೌರಿಯ ಬೆಂಟನ್, ಕ್ಯಾನ್ಸಸ್‌ನ ಜಾನ್ ಸ್ಟ್ಯುವರ್ಟ್ ಕರಿ ಈ ಗುಂಪಿನ ಮೂವರು ನಾಯಕರೆನಿಸಿದರು.

ವುಡ್‌ನ ಹೊಲಗಳನ್ನು ನೋಡಿ. 1936ರ 'ಸ್ಪ್ರಿಂಗ್ ಟರ್ನಿಂಗ್' ಎಂಬ ಚಿತ್ರದಲ್ಲಿ ಹಸಿರು ದಿಣ್ಣೆಗಳು ಹೊದಿಕೆಯ ಮಡಿಕೆಗಳಂತೆ ಉಬ್ಬಿಕೊಂಡು ಮಲಗಿವೆ. ದೂರದಲ್ಲಿ ಇರುವೆಯಷ್ಟು ಚಿಕ್ಕ ಮನುಷ್ಯರು ಕುದುರೆ ಕಟ್ಟಿ ಉಳುತ್ತಿದ್ದಾರೆ. ಟ್ರ್ಯಾಕ್ಟರ್ ಇಲ್ಲ, ಧೂಳಿಲ್ಲ, ಒಣಗಿದ ಒಂದು ಎಲೆಯೂ ಇಲ್ಲ. ಕಣ್ಣಿಗೆ ತಂಪಾದ ಚಿತ್ರ, ಸಂಶಯವಿಲ್ಲ. ಆದರೆ ಅದೇ ಅಯೋವಾದಲ್ಲಿ ಆ ವರ್ಷಗಳಲ್ಲಿ ಏನು ನಡೆಯುತ್ತಿತ್ತು? ಫಸಲಿನ ಬೆಲೆ ಪಾತಾಳಕ್ಕೆ ಇಳಿದಿತ್ತು. 1932ರಲ್ಲಿ ರೈತರು ಸೂ ಸಿಟಿಗೆ ಹೋಗುವ ರಸ್ತೆಗಳನ್ನು ತಡೆದು, ಸಾಗಣೆಯಾಗುತ್ತಿದ್ದ ಹಾಲನ್ನು ನೆಲಕ್ಕೆ ಚೆಲ್ಲಿದರು. ಬ್ಯಾಂಕುಗಳು ಸಾಲಕ್ಕಾಗಿ ಜಮೀನು ಹರಾಜು ಹಾಕಿಸುತ್ತಿದ್ದವು. 1933ರ ಏಪ್ರಿಲ್‌ನಲ್ಲಿ ಲೆ ಮಾರ್ಸ್ ಎಂಬ ಊರಿನಲ್ಲಿ ರೈತರ ಗುಂಪೊಂದು ಚಾರ್ಲ್ಸ್ ಬ್ರಾಡ್ಲಿ ಎಂಬ ನ್ಯಾಯಾಧೀಶನನ್ನು ನ್ಯಾಯಾಲಯದಿಂದಲೇ ಎಳೆದುಕೊಂಡು ಹೋಗಿ, ಕುತ್ತಿಗೆಗೆ ಹಗ್ಗ ಹಾಕಿ, ಇನ್ನು ಮುಂದೆ ಜಪ್ತಿಯ ಆದೇಶಕ್ಕೆ ಸಹಿ ಹಾಕುವುದಿಲ್ಲವೆಂದು ಆಣೆ ಮಾಡೆಂದು ಬೆದರಿಸಿತು. ಆ ಜಿಲ್ಲೆಗೆ ಸೈನಿಕ ಆಡಳಿತ ಬಂತು. ವುಡ್‌ನ ಹೊಲಗಳಲ್ಲಿ ಈ ಯಾವುದರ ಸುಳಿವೂ ಇಲ್ಲ. ಅವು ಸಾಲವಿಲ್ಲದ ಹೊಲಗಳು.

ವುಡ್‌ನನ್ನು ಇಷ್ಟಕ್ಕೇ ಬಿಟ್ಟುಬಿಡುವುದು ಅನ್ಯಾಯ. ಅವನಿಗೆ ವ್ಯಂಗ್ಯ ಗೊತ್ತಿತ್ತು. ಯುದ್ಧದ ಸ್ಮಾರಕಕ್ಕಾಗಿ ತಾನು ರಚಿಸಿದ ಬಣ್ಣದ ಗಾಜಿನ ಕಿಟಕಿಯನ್ನು ಜರ್ಮನಿಯಲ್ಲಿ ಮಾಡಿಸಿದ್ದಕ್ಕೆ ಆಕ್ಷೇಪ ಎತ್ತಿದ ದೇಶಭಕ್ತ ಮಹಿಳೆಯರ ಸಂಘಟನೆಯನ್ನು ಅವನು 1932ರ 'ಡಾಟರ್ಸ್ ಆಫ್ ರೆವಲ್ಯೂಷನ್' ಚಿತ್ರದಲ್ಲಿ ಚೆನ್ನಾಗಿಯೇ ಚುಚ್ಚಿದ್ದಾನೆ. ಚಹಾ ಕಪ್ಪು ಹಿಡಿದು ಬಿಗುಮಾನದಿಂದ ನಿಂತ ಮೂವರು ಹೆಂಗಸರ ಹಿಂದೆ ವಾಷಿಂಗ್ಟನ್ ನದಿ ದಾಟುವ ಪ್ರಸಿದ್ಧ ಚಿತ್ರ ತೂಗಿದೆ. ತಮಾಷೆಯೆಂದರೆ ಆ ದೇಶಭಕ್ತಿಯ ಚಿತ್ರವನ್ನು ಬರೆದದ್ದೂ ಜರ್ಮನಿಯಲ್ಲೇ. 1935ರ 'ಡೆತ್ ಆನ್ ದಿ ರಿಡ್ಜ್ ರೋಡ್'ನಲ್ಲಿ ಏರುದಾರಿಯಲ್ಲಿ ಎದುರುಬದುರಾಗುವ ಕಾರು ಮತ್ತು ಲಾರಿ ಆ ಚೆಂದದ ನೆಲಕ್ಕೂ ಸಾವು ನುಗ್ಗಬಲ್ಲದೆಂದು ಹೇಳುತ್ತವೆ. ಮನುಷ್ಯರ ಜಂಭವನ್ನು ಕಂಡ ಕಣ್ಣಿಗೆ ಅವರ ಸಾಲ ಮಾತ್ರ ಯಾಕೆ ಕಾಣಲಿಲ್ಲ ಎಂಬುದು ನನ್ನ ತಕರಾರು. ಟೆಕ್ಸಾಸ್‌ನ ಅಲೆಕ್ಸಾಂಡರ್ ಹೋಗ್‌ಗೆ ಅದು ಕಂಡಿತ್ತು. 1934ರ ಅವನ 'ಡ್ರೌತ್ ಸ್ಟ್ರಿಕನ್ ಏರಿಯಾ'ದಲ್ಲಿ ಮರಳಿನಲ್ಲಿ ಹೂತ ಮನೆ, ಮುರಿದ ಗಾಳಿಯಂತ್ರ, ಮೂಳೆ ಎದ್ದ ಒಂದು ಹಸು, ಅದರ ಸಾವಿಗೆ ಕಾಯುತ್ತ ಕೂತ ರಣಹದ್ದು ಇವೆ. ಮನುಷ್ಯರೇ ಇಲ್ಲದ ಈ ಚಿತ್ರದಲ್ಲಿ, ಹೊಲ ಬಿಟ್ಟು ಹೊರಟುಹೋದ ಮನುಷ್ಯರೇ ತುಂಬಿಕೊಂಡಿದ್ದಾರೆ.

ಕರಿ ಮತ್ತು ಬೆಂಟನ್ ವುಡ್‌ಗಿಂತ ಒಂದು ಹೆಜ್ಜೆ ಮುಂದೆ ಹೋದರು. ಕರಿಯ 'ಬ್ಯಾಪ್ಟಿಸಂ ಇನ್ ಕ್ಯಾನ್ಸಸ್' 1928ರದು. ಹೊಲದ ಮನೆಯ ಅಂಗಳದಲ್ಲಿ ದನಗಳಿಗೆ ನೀರುಣಿಸುವ ತೊಟ್ಟಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ದೀಕ್ಷಾಸ್ನಾನ ನಡೆಯುತ್ತಿದೆ. ಸುತ್ತ ನೆರೆಹೊರೆಯವರು ಹಾಡುತ್ತಿದ್ದಾರೆ, ಹಿಂದೆ ಫೋರ್ಡ್ ಕಾರುಗಳು ನಿಂತಿವೆ. ಬಡವರ ಧಾರ್ಮಿಕತೆಯನ್ನು ವಿದ್ಯಾವಂತ ಕಲಾವಿದರು ಒಂದೋ ಗೇಲಿ ಮಾಡುತ್ತಾರೆ, ಇಲ್ಲವೇ ಅದಕ್ಕೆ ಪ್ರಭಾವಳಿ ಕಟ್ಟುತ್ತಾರೆ. ಕರಿ ಎರಡನ್ನೂ ಮಾಡದೆ, ದನದ ತೊಟ್ಟಿಯನ್ನು ದನದ ತೊಟ್ಟಿಯಾಗಿಯೇ ಇರಗೊಟ್ಟು, ಅದರೊಳಗಿನ ಭಕ್ತಿಯನ್ನು ಭಕ್ತಿಯಾಗಿಯೇ ಕಾಣಿಸುತ್ತಾನೆ. ಇಷ್ಟು ಸಂಯಮ ನಮ್ಮ ಕತೆಗಳಲ್ಲೂ ಅಪರೂಪ.

ಬೆಂಟನ್‌ನದು ಬೇರೆ ಬಗೆ. ಅವನ ಮನುಷ್ಯರು ಹಗ್ಗ ಹೊಸೆದಂತೆ ತಿರುಚಿಕೊಂಡ ಮೈಯವರು, ಒಬ್ಬರೂ ಸುಮ್ಮನೆ ನಿಲ್ಲುವುದಿಲ್ಲ. 1933ರಲ್ಲಿ ಶಿಕಾಗೋದ ಜಾಗತಿಕ ಮೇಳಕ್ಕಾಗಿ ಇಂಡಿಯಾನಾ ರಾಜ್ಯದ ಚರಿತ್ರೆಯನ್ನು ಅವನು ಭಿತ್ತಿಚಿತ್ರಗಳಲ್ಲಿ ಬರೆದ. 1920ರ ದಶಕದಲ್ಲಿ ಆ ರಾಜ್ಯದ ರಾಜಕೀಯವನ್ನು ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷಸಂಘಟನೆ ಆಳಿತ್ತು. ಬೆಂಟನ್ ಅದನ್ನು ಮುಚ್ಚಿಡಲಿಲ್ಲ. ಮುಸುಕು ತೊಟ್ಟ ಕ್ಲಾನಿಗರು ಶಿಲುಬೆ ಸುಡುತ್ತಿರುವುದನ್ನು ಚಿತ್ರದ ಹಿನ್ನೆಲೆಯಲ್ಲಿಟ್ಟು, ಮುಂದೆ ಆಸ್ಪತ್ರೆಯಲ್ಲಿ ಕಪ್ಪು ಮಗುವನ್ನು ನೋಡಿಕೊಳ್ಳುತ್ತಿರುವ ದಾದಿಯನ್ನು ಇಟ್ಟ. ರಾಜ್ಯದ ಹಣದಲ್ಲಿ ರಾಜ್ಯದ ಮುಖಕ್ಕೇ ಕನ್ನಡಿ ಹಿಡಿದ ಧೈರ್ಯ ಇದು.

ಈ ಧೈರ್ಯದ ಕತೆಗೆ ಒಂದು ಮುಂದುವರಿಕೆ ಇದೆ. ಆ ಚಿತ್ರ ಇಂಡಿಯಾನಾ ವಿಶ್ವವಿದ್ಯಾಲಯದ ತರಗತಿಯೊಂದರ ಗೋಡೆಗೆ ಬಂತು. ದಶಕಗಳ ಕಾಲ ಕಪ್ಪು ವಿದ್ಯಾರ್ಥಿಗಳು ಅದರ ಕೆಳಗೆ ಕೂತು ಪಾಠ ಕೇಳಬೇಕಾಯಿತು. 2017ರಲ್ಲಿ, ವಿದ್ಯಾರ್ಥಿಗಳ ಮನವಿಯ ಬಳಿಕ, ವಿಶ್ವವಿದ್ಯಾಲಯ ಚಿತ್ರವನ್ನು ತೆಗೆಯದೆ, ಆ ಕೋಣೆಯಲ್ಲಿ ಪಾಠ ಮಾಡುವುದನ್ನು ನಿಲ್ಲಿಸಿತು. ಬೆಂಟನ್ ಕ್ಲಾನನ್ನು ಖಂಡಿಸಲೆಂದೇ ಬರೆದಿದ್ದ ಎಂದು ಚಿತ್ರದ ಪರವಾಗಿ ವಾದಿಸಿದವರು ಹೇಳಿದ್ದು ಸರಿಯೇ. ಆದರೆ ದಿನವೂ ತನ್ನನ್ನು ಕೊಲ್ಲಬಯಸುವವರ ಚಿತ್ರದಡಿ ಕೂತು ಲೆಕ್ಕವನ್ನೋ ಅರ್ಥಶಾಸ್ತ್ರವನ್ನೋ ಕಲಿಯಬೇಕಾದ ಹುಡುಗಿಗೆ ಕಲಾವಿದನ ಸದುದ್ದೇಶ ಎಷ್ಟು ಆಸರೆಯಾದೀತು? ಆ ಚಿತ್ರದಲ್ಲಿ ಕಪ್ಪು ಮನುಷ್ಯರು ಬಿಳಿಯರ ಕ್ರೌರ್ಯಕ್ಕೆ, ಇಲ್ಲವೇ ಬಿಳಿಯರ ಕರುಣೆಗೆ ಪಾತ್ರರಾದವರು. ಅವರದೇ ಆದ ಒಂದು ದಿನ, ಒಂದು ಕೆಲಸ, ಒಂದು ಹಟ ಅಲ್ಲಿಲ್ಲ. ಒಳಗೆ ಜಾಗ ಸಿಕ್ಕರೂ ಯಾವ ಜಾಗ ಸಿಕ್ಕಿತು ಎಂದು ಕೇಳಬೇಕಾಗುವುದು ಇಂಥಲ್ಲಿ.

ಹಳ್ಳಿಯಿಂದ ನಗರಕ್ಕೆ ಬರೋಣ. ನ್ಯೂಯಾರ್ಕಿನ ಎಡ್ವರ್ಡ್ ಹಾಪರ್ 1930ರಲ್ಲಿ, ಅಂದರೆ 'ಅಮೆರಿಕನ್ ಗಾಥಿಕ್' ಬಂದ ವರ್ಷವೇ, 'ಅರ್ಲಿ ಸಂಡೇ ಮಾರ್ನಿಂಗ್' ಬರೆದ. ಕೆಂಪು ಇಟ್ಟಿಗೆಯ ಎರಡಂತಸ್ತಿನ ಕಟ್ಟಡ, ಕೆಳಗೆ ಮುಚ್ಚಿದ ಅಂಗಡಿಗಳ ಸಾಲು, ಕ್ಷೌರಿಕನ ಅಂಗಡಿಯ ಬಣ್ಣದ ಪಟ್ಟೆಯ ಕಂಬ, ಓರೆಯಾಗಿ ಬಿದ್ದ ಬೆಳಗಿನ ಬಿಸಿಲು. ಒಬ್ಬ ಮನುಷ್ಯನೂ ಇಲ್ಲ. ಮೇಲಿನ ಒಂದು ಕಿಟಕಿಯಲ್ಲಿ ಹಾಪರ್ ಮೊದಲು ಒಂದು ಆಕೃತಿಯನ್ನು ಬರೆದು ಆಮೇಲೆ ಅಳಿಸಿಹಾಕಿದ್ದನಂತೆ. ಆದರೂ ಪರದೆಗಳನ್ನು ನೋಡಿ: ಒಂದು ಪೂರ್ತಿ ಇಳಿದಿದೆ, ಒಂದು ಅರ್ಧ, ಒಂದು ಮೇಲೆ ಸರಿದಿದೆ. ಪ್ರತಿ ಕಿಟಕಿಯ ಹಿಂದೆಯೂ ಬೇರೆ ಬೇರೆ ಮನೆವಾರ್ತೆಯಿದೆ ಎಂದು ಅವೇ ಹೇಳುತ್ತವೆ. 1927ರ 'ಆಟೊಮ್ಯಾಟ್'ನಲ್ಲಿ ನಾಣ್ಯ ಹಾಕಿ ತಿಂಡಿ ಪಡೆಯುವ ಹೋಟೆಲಿನಲ್ಲಿ ಒಬ್ಬಂಟಿ ಹೆಂಗಸು ಒಂದು ಕೈಗವಸು ಮಾತ್ರ ತೆಗೆದು ಕಾಫಿ ಮುಂದಿಟ್ಟುಕೊಂಡು ಕೂತಿದ್ದಾಳೆ. ಹಾಪರ್‌ನ ನಗರದಲ್ಲಿ ಒಂಟಿತನ ನಿಜ. ಆದರೆ ಆ ಒಂಟಿತನಕ್ಕೆ ಬಾಡಿಗೆ ಇಲ್ಲ, ಮಕ್ಕಳಿಲ್ಲ, ಮಾತು ಬಾರದ ವಲಸಿಗರಿಲ್ಲ. ಲಕ್ಷಾಂತರ ಜನ ಕಿಕ್ಕಿರಿದ ನ್ಯೂಯಾರ್ಕನ್ನು ಅವನು ಖಾಲಿ ಮಾಡಿಸಿದ. ತನ್ನನ್ನು 'ಅಮೆರಿಕನ್ ಸೀನ್'ನವನೆಂದು ಕರೆಯುವುದನ್ನು ಅವನು ಇಷ್ಟಪಡುತ್ತಿರಲಿಲ್ಲ. ನನಗೆ ಅದು ಪ್ರಾಮಾಣಿಕವೆನಿಸುತ್ತದೆ. ಅವನು ದೇಶವನ್ನಲ್ಲ, ತನ್ನ ಒಳಗನ್ನು ಬರೆಯುತ್ತಿದ್ದ.

ಅದೇ ನಗರದ ಹದಿನಾಲ್ಕನೆಯ ಬೀದಿ ಮತ್ತು ಯೂನಿಯನ್ ಸ್ಕ್ವೇರ್ ಸುತ್ತ ಇನ್ನೊಂದು ಗುಂಪಿತ್ತು. ರೆಜಿನಾಲ್ಡ್ ಮಾರ್ಷ್ ಜಂಗುಳಿಯ ಕಲಾವಿದ. ಅಗ್ಗದ ಸಿನಿಮಾ, ಸಮುದ್ರತೀರ, ನಿರುದ್ಯೋಗಿಗಳು ತುಂಬಿದ ಬೌರಿ ಬೀದಿ ಅವನ ಲೋಕ. ದೇಶದಲ್ಲಿ ಯಾರೂ ಹಸಿವಿನಿಂದ ಸತ್ತಿಲ್ಲ ಎಂಬ ಅಧಿಕಾರಸ್ಥರ ಮಾತನ್ನೇ 1932ರಲ್ಲಿ ಒಂದು ಮುದ್ರಣಚಿತ್ರಕ್ಕೆ ಶೀರ್ಷಿಕೆಯಾಗಿಟ್ಟ. ಚಿತ್ರದಲ್ಲಿರುವುದು ಬ್ರೆಡ್ಡಿಗಾಗಿ ಭುಜಕ್ಕೆ ಭುಜ ತಾಗಿಸಿ ನಿಂತ ಗಂಡಸರ ಸಾಲು. ಇಸಬೆಲ್ ಬಿಷಪ್ ಅದೇ ಚೌಕದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವರು. 1935ರ ಅವರ 'ಟೂ ಗರ್ಲ್ಸ್' ಚಿತ್ರಕ್ಕೆ ಮಾದರಿಯಾದವರು ಇಬ್ಬರು ಹೋಟೆಲ್ ಪರಿಚಾರಿಕೆಯರು. ಒಬ್ಬಳ ಕೈಯಲ್ಲಿ ಪತ್ರವಿದೆ, ಇನ್ನೊಬ್ಬಳು ಅದರ ಸುದ್ದಿಗೆ ತಲೆಬಾಗಿಸಿದ್ದಾಳೆ. ಪತ್ರದಲ್ಲಿ ಏನಿದೆಯೋ ತಿಳಿಯದು. ಅವರ ವಿಷಯ ಅವರದು. ಮಾರ್ಷ್‌ನ ಹೆಂಗಸರು ನೋಡಿಸಿಕೊಳ್ಳುವ ಹೆಂಗಸರಾದರೆ, ಬಿಷಪ್ಪರವರು ಊಟದ ಬಿಡುವಿನಲ್ಲಿ ತಮ್ಮ ಪಾಡಿಗೆ ತಾವಿರುವವರು.

ಈ ಗುಂಪಿನಲ್ಲಿ ನನಗೆ ಹೆಚ್ಚು ಹತ್ತಿರದವನು ರಾಫೆಲ್ ಸೋಯರ್. ರಷ್ಯಾದಲ್ಲಿ 1899ರಲ್ಲಿ ಹುಟ್ಟಿದ ಯೆಹೂದಿ. ತಂದೆ ಹೀಬ್ರೂ ಮೇಷ್ಟ್ರು. ಅಲ್ಲಿ ವಾಸದ ಪರವಾನಗಿ ಸಿಗದೆ ಕುಟುಂಬ 1912ರಲ್ಲಿ ಅಮೆರಿಕಕ್ಕೆ ಬಂತು. 1926ರ ಅವನ 'ಡ್ಯಾನ್ಸಿಂಗ್ ಲೆಸನ್'ನಲ್ಲಿ ಇಕ್ಕಟ್ಟಾದ ನಡುಮನೆಯಲ್ಲಿ ಅಕ್ಕತಂಗಿಯರಲ್ಲಿ ಒಬ್ಬಳು ಸೋದರನಿಗೆ ಹೊಸ ದೇಶದ ಕುಣಿತ ಕಲಿಸುತ್ತಿದ್ದಾಳೆ. ಗೋಡೆಯಲ್ಲಿ ಹಿರಿಯರ ಭಾವಚಿತ್ರ. ಸೋಫಾದಲ್ಲಿ ಕೂತ ತಾಯಿಯ ಮಡಿಲಲ್ಲಿ ಯಿಡ್ಡಿಶ್ ಪತ್ರಿಕೆ. ಮನೆಯಲ್ಲಿ ಒಂದು ಲಿಪಿ, ಬೀದಿಯಲ್ಲಿ ಒಂದು ಲಿಪಿ ಇಟ್ಟುಕೊಂಡು ಬೆಳೆದವರಿಗೆ ಆ ಪತ್ರಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1936ರ 'ಟ್ರಾನ್ಸಿಯೆಂಟ್ಸ್'ನಲ್ಲಿ ಬೆಂಚುಗಳ ಮೇಲೆ ಕೂತ ನಿರ್ಗತಿಕರನ್ನು ಬರೆದಾಗಲೂ ಸೋಯರ್ ಅವರನ್ನು ಗುಂಪೆಂದು ನೋಡಲಿಲ್ಲ. ಒಬ್ಬನಿಗೆ ನಿದ್ದೆ, ಒಬ್ಬನಿಗೆ ಆಕಳಿಕೆ, ಒಬ್ಬನಿಗೆ ನಮ್ಮನ್ನು ನೆಟ್ಟನೆ ನೋಡುವಷ್ಟು ಸ್ವಾಭಿಮಾನ.

ಇದನ್ನು ಯಾಕೆ ಹೇಳಬೇಕಾಯಿತೆಂದರೆ, ಸೋಯರನಂಥವರು 'ಅಮೆರಿಕದ' ಕಲಾವಿದರೇ ಎಂಬ ಪ್ರಶ್ನೆ ಆಗ ಗಾಳಿಯಲ್ಲಿತ್ತು. 1924ರ ವಲಸೆ ಕಾಯ್ದೆ ಪೂರ್ವ ಮತ್ತು ದಕ್ಷಿಣ ಯುರೋಪಿನವರಿಗೆ ಬಾಗಿಲನ್ನು ಬಹುತೇಕ ಮುಚ್ಚಿತ್ತು, ಏಷ್ಯಾದವರಿಗೆ ಪೂರ್ತಿಯಾಗಿಯೇ ಮುಚ್ಚಿತ್ತು. ಮಧ್ಯಪಶ್ಚಿಮದವರ ಪರವಾಗಿ ಗಟ್ಟಿ ದನಿಯಲ್ಲಿ ಬರೆಯುತ್ತಿದ್ದ ವಿಮರ್ಶಕ ಥಾಮಸ್ ಕ್ರೇವನ್, ಆಧುನಿಕ ಕಲೆಯ ಪೋಷಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್‌ನನ್ನು ಅವನ ಯೆಹೂದಿತನ ಎತ್ತಿ ಹೀಗಳೆದ. ಸ್ಟೀಗ್ಲಿಟ್ಜ್ ಹುಟ್ಟಿದ್ದೇ ಅಮೆರಿಕದ ನೆಲದಲ್ಲಿ ಎಂಬುದು ಅವನಿಗೆ ಸಾಲಲಿಲ್ಲ. ಹೊಲವೇ ಅಸಲು, ನಗರ ಬೆರಕೆ. ಉಳುವವನೇ ದೇಶಿ, ಹೊಲಿಯುವವನು ಪರದೇಶಿ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಜರ್ಮನಿ ಬಿಟ್ಟು ಬಂದಿದ್ದ ಕಲಾ ಇತಿಹಾಸಕಾರ ಜಾನ್ಸನ್, 1940ರ ದಶಕದಲ್ಲಿ ವುಡ್ ಮತ್ತು ಬೆಂಟನ್‌ರ ಪಂಥವನ್ನು ನಾಜಿಗಳ ಕಲೆಗೆ ಹೋಲಿಸಿದ. ಹೋಲಿಕೆ ಅತಿಯಾಯಿತು. ಕ್ಲಾನಿನ ಮುಸುಕನ್ನು ಸಾರ್ವಜನಿಕ ಗೋಡೆಗೆ ತಂದವನನ್ನು ಹಾಗೆ ಕರೆಯಲಾಗದು. ಆದರೆ ಮಣ್ಣಿಗೆ ಅಂಟಿದವರು ಮಾತ್ರ ಮಕ್ಕಳು ಎಂಬ ಭಾವನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಕಣ್ಣಾರೆ ಕಂಡವನ ಅಂಜಿಕೆಯನ್ನು ತಳ್ಳಿಹಾಕುವಂತೆಯೂ ಇಲ್ಲ.

ಈ ನಡುವೆ ಪ್ರಭುತ್ವ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮರೆಯಬಾರದು. 1935ರಲ್ಲಿ ರೂಸ್ವೆಲ್ಟ್ ಸರ್ಕಾರ ಆರಂಭಿಸಿದ ಫೆಡರಲ್ ಆರ್ಟ್ ಪ್ರಾಜೆಕ್ಟ್, ರಸ್ತೆ ಹಾಕುವವರಿಗೆ ಕೂಲಿ ಕೊಟ್ಟಂತೆ ಚಿತ್ರ ಬರೆಯುವವರಿಗೂ ವಾರದ ಸಂಬಳ ಕೊಟ್ಟಿತು. ಆ ಸಂಬಳ ಪಡೆದವರಲ್ಲಿ ಹಾರ್ಲೆಮ್‌ನ ಜೇಕಬ್ ಲಾರೆನ್ಸ್ ಎಂಬ ಹುಡುಗನೂ ಒಬ್ಬ. ದಕ್ಷಿಣದಿಂದ ಉತ್ತರಕ್ಕೆ ವಲಸೆ ಬಂದ ಕಪ್ಪು ಕುಟುಂಬದಲ್ಲಿ 1917ರಲ್ಲಿ ಹುಟ್ಟಿದವನು. 1940–41ರಲ್ಲಿ ಅವನು ಆ ವಲಸೆಯ ಕತೆಯನ್ನು 60 ಚಿಕ್ಕ ಹಲಗೆಗಳ ಮೇಲೆ ಬರೆದ. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣವನ್ನು ಬೇಕಾದ ಕಡೆಗೆಲ್ಲ ಹಚ್ಚಿ ಮುಗಿಸಿ, ಆಮೇಲೆ ಇನ್ನೊಂದು ಬಣ್ಣ ತೆಗೆದುಕೊಳ್ಳುತ್ತಿದ್ದ. ಪ್ರತಿಯೊಂದಕ್ಕೂ ಅಡಿಯಲ್ಲಿ ಒಂದೆರಡು ಸರಳ ವಾಕ್ಯ. ಆಗ ಅವನಿಗೆ 23 ವರ್ಷ.

ಲಾರೆನ್ಸನ ಮನುಷ್ಯರಿಗೆ ಎಷ್ಟೋ ಕಡೆ ಕಣ್ಣು ಮೂಗು ಕೂಡ ಇಲ್ಲ. ವುಡ್‌ನಂತೆ ಹೊಲಿಗೆಯ ದಾರವನ್ನೂ ಎಣಿಸಬಹುದಾದ ಕುಸುರಿ ಇಲ್ಲ. ಆದರೆ ವುಡ್‌ನಲ್ಲಿ ಇಲ್ಲದ್ದೆಲ್ಲ ಇಲ್ಲಿದೆ: ಹತ್ತಿ ಬೆಳೆಯನ್ನು ತಿಂದ ಹುಳು, ಏರಿದ ಆಹಾರದ ಬೆಲೆ, ಕೂಲಿಯಾಳುಗಳನ್ನು ಹುಡುಕಿ ಬಂದ ದಲ್ಲಾಳಿ, ಊರಿನಿಂದ ಹೋದವರು ಬರೆದ ಕಾಗದ, ಸ್ಟೇಷನ್ನಿನಲ್ಲಿ ಮೂಟೆಗಳ ಮೇಲೆ ಕೂತ ಮಂದಿ, ಉತ್ತರದಲ್ಲೂ ಕಾದಿದ್ದ ಇಕ್ಕಟ್ಟಿನ ಮನೆ, ಕೊನೆಗೆ ಕಪ್ಪುಹಲಗೆಯ ಮೇಲೆ ಅಂಕಿ ಬರೆಯುತ್ತಿರುವ ಮೂವರು ಹುಡುಗಿಯರು. ಜನ ಯಾಕೆ ಹೊರಟರು, ಏನು ಕೊಟ್ಟು ಏನು ಪಡೆದರು ಎಂಬ ಲೆಕ್ಕ ಪೂರ್ತಿ ಇದೆ. ಕಪ್ಪುಜನರನ್ನು ಗುಂಪು ಸೇರಿ ನೇಣಿಗೇರಿಸುವ ಕ್ರೌರ್ಯವನ್ನು ಆ ಕಾಲದ ಬಿಳಿ ಕಲಾವಿದರೂ ಬರೆದಿದ್ದಾರೆ. ಮಾರ್ಷ್ 1934ರ ರೇಖಾಚಿತ್ರವೊಂದರಲ್ಲಿ ಆ ನೋಟ ಕಾಣಲೆಂದು ಪುಟ್ಟ ಹುಡುಗಿಯನ್ನು ಮೇಲೆತ್ತಿ ಹಿಡಿದ ಗುಂಪನ್ನು ತೋರಿಸಿದ. ಮೈ ನಡುಗಿಸುವ ಚಿತ್ರವದು, ಆದರೆ ಅದರ ಕಣ್ಣು ಕೊಂದವರ ಮೇಲಿದೆ. ಲಾರೆನ್ಸ್ ಬರೆದದ್ದು ಬರಿದಾದ ಒಂದು ಕೊಂಬೆ, ಅದರಿಂದ ಇಳಿಬಿದ್ದ ಕುಣಿಕೆ, ಪಕ್ಕದಲ್ಲಿ ಮುದುಡಿ ಕೂತ ಒಂದು ಜೀವ. ಹೆಣವನ್ನು ತೋರಿಸಲಿಲ್ಲ. ಸತ್ತವನ ಮನೆಯವರಿಗೆ ಮಾತ್ರ ಬರುವ ಮರ್ಯಾದೆ ಅದು.

ವಾಸ್ತವವಾದಕ್ಕೆ ಉರ್ದುವಿನಲ್ಲಿ 'ಹಕೀಕತ್ ನಿಗಾರಿ' ಎನ್ನುತ್ತಾರೆ. 'ನಿಗಾರ್' ಎಂಬ ಪಾರಸಿ ಮಾತಿನ ಮೂಲದಲ್ಲಿ ಬರಹ, ಚಿತ್ರ ಎರಡೂ ಕೂಡಿಕೊಂಡಿವೆ. ಕನ್ನಡದಲ್ಲಿಯೂ ನಾವು ಚಿತ್ರವನ್ನು 'ಬರೆಯುತ್ತೇವೆ' ಎಂದೇ ಹೇಳುತ್ತೇವಲ್ಲ. ಇನ್ನು 'ಹಕೀಕತ್' ಅರಬ್ಬಿಯದು. ಕನ್ನಡದಲ್ಲಿ ದಿನವೂ ಬಳಸುವ 'ಹಕ್ಕು' ಎಂಬ ಮಾತೂ ಅದೇ ಬೇರಿನಿಂದ ಬಂದದ್ದು. ಹಾಗಾಗಿ ಹಕೀಕತ್ತನ್ನು ಬರೆಯುವುದೆಂದರೆ ಇದ್ದದ್ದನ್ನು ಇದ್ದಂತೆ ನಕಲು ಮಾಡುವುದಷ್ಟೇ ಅಲ್ಲ, ಯಾರಿಗೆ ಸಲ್ಲಬೇಕಾದದ್ದು ಅವರಿಗೆ ಸಲ್ಲುವಂತೆ ಬರೆಯುವುದೂ ಹೌದು. 1936ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಕಲಾವಿದರ ಮಹಾಸಭೆ ಸೇರಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಖನೌನಲ್ಲಿ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನ ಸೇರಿ, ಅಧ್ಯಕ್ಷರಾದ ಪ್ರೇಮಚಂದರು ಸೌಂದರ್ಯವನ್ನು ಅಳೆಯುವ ಮಾನದಂಡವೇ ಬದಲಾಗಬೇಕೆಂದರು. ಎರಡು ಸಭೆಗಳಿಗೆ ಒಂದರ ಅರಿವು ಇನ್ನೊಂದಕ್ಕೆ ಬೇಕಿರಲಿಲ್ಲ, ಕಾಲವೇ ಆ ಪ್ರಶ್ನೆಯನ್ನು ಕೇಳುತ್ತಿತ್ತು. ಪ್ರೇಮಚಂದರು ಅದಕ್ಕೂ ಮೊದಲೇ 'ಕಫನ್' ಬರೆದು ಉತ್ತರ ಕೊಟ್ಟಿದ್ದರು. ಸತ್ತ ಹೆಂಗಸಿನ ಶವವಸ್ತ್ರಕ್ಕೆಂದು ಎತ್ತಿದ ಹಣದಲ್ಲಿ ಕುಡಿಯುವ ತಂದೆಮಗನನ್ನು ಅವರು ಸಂತರನ್ನಾಗಿಯೂ ಮಾಡಲಿಲ್ಲ, ರಾಕ್ಷಸರನ್ನಾಗಿಯೂ ಮಾಡಲಿಲ್ಲ. ದುಡಿದರೂ ಅಷ್ಟೇ, ದುಡಿಯದಿದ್ದರೂ ಅಷ್ಟೇ ಎಂಬ ವ್ಯವಸ್ಥೆಯನ್ನು ಅವರ ಹಿಂದೆ ನಿಲ್ಲಿಸಿದರು. 'ಅಮೆರಿಕನ್ ಗಾಥಿಕ್'ನ ಜೋಡಿಯ ಹಿಂದೆ ಇರುವುದು ಒಂದು ಸುಂದರವಾದ ಕಿಟಕಿ.

ಆ ಕಿಟಕಿಗೆ ಉತ್ತರ ಬಂದದ್ದು 1942ರಲ್ಲಿ, ಒಂದು ಛಾಯಾಚಿತ್ರದ ಮೂಲಕ. ಕಪ್ಪು ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಎಲ್ಲಾ ವಾಟ್ಸನ್ ಎಂಬಾಕೆಯನ್ನು ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿದ. ಒಂದು ಪಕ್ಕ ಪೊರಕೆ, ಇನ್ನೊಂದು ಪಕ್ಕ ನೆಲ ಒರೆಸುವ ಕೋಲು. ಈ ಚಿತ್ರಕ್ಕೂ ಹೆಸರು 'ಅಮೆರಿಕನ್ ಗಾಥಿಕ್' ಎಂದೇ. ಪಾರ್ಕ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ವಾರಗಳಲ್ಲಿ ಆಕೆಯ ಮನೆಗೆ, ಚರ್ಚಿಗೆ ಹೋಗಿ, ಆಕೆ ಸಾಕುತ್ತಿದ್ದ ಮಕ್ಕಳನ್ನು, ಆಕೆಯ ಊಟದ ಮೇಜನ್ನು, ಪ್ರಾರ್ಥನೆಯನ್ನು ತೆಗೆದ. ಹಲ್ಲಿನ ಡಾಕ್ಟರು ರೈತನ ವೇಷದಲ್ಲಿ ನಿಲ್ಲಬೇಕಾಗಿ ಬಂದ ಕಡೆ, ಗುಡಿಸುವಾಕೆ ತನ್ನದೇ ಪೊರಕೆ ಹಿಡಿದು, ತನ್ನದೇ ಹೆಸರಿನಲ್ಲಿ ನಿಂತಳು. ಜನಸಾಮಾನ್ಯರನ್ನು ಬರೆಯುತ್ತೇವೆ ಎನ್ನುವ ಯಾರೇ ಆಗಲಿ, ಕುಂಚ ಹಿಡಿದವರಿರಲಿ ಪೆನ್ನು ಹಿಡಿದವರಿರಲಿ, ಮುಟ್ಟಬೇಕಾದ ಅಳತೆ ಅದು.